ಡೆಕಲ್ ಬಣ್ಣ ಹರಡ್ತಿದೆ, ಏನ್ ಮಾಡ್ಲಿ?

ಪ್ರಶ್ನೆ: ಸರ್, ಎಚ್‌ಎಎಲ್ ಮಾರುತ್ ವಿಮಾನದ 1:72 ಮಾಡೆಲ್ ಮಾಡ್ತಿದೀನಿ. ಹಳೇ ಕಿಟ್, ಜೊತೆಗಿದ್ದ ಡೆಕಲ್ (ನೀರಲ್ಲಿ ನೆನೆಸಿ ಮಾಡೆಲ್ ಮೇಲೆ ಜಾರಿಸಿ ಅಂಟಿಸೋ ಚಿತ್ರ) ಹಳದಿಯಾಗಿ ಚೂರುಚೂರಾಗೋಗಿತ್ತು, ಅದಕ್ಕೆ ಬಿಳಿ ವಾಟರ್‌ಸ್ಲೈಡ್ ಪೇಪರ್ ತರಿಸ್ಕೊಂಡು ಇಂಕ್‌ಜೆಟ್‌ನಲ್ಲಿ ಏರ್‌ಫೋರ್ಸ್‌ನ ಮೂರು ಬಣ್ಣದ ದುಂಡು ಗುರುತು, ಅಂದ್ರೆ ರೌಂಡೆಲ್, ನಾನೇ ಪ್ರಿಂಟ್ ಹಾಕ್ದೆ. ಕ್ಲಿಯರ್ ಸ್ಪ್ರೇ ಹೊಡೆದಿದ್ದೇ ತಡ, ಹಸಿರು ಬಂದು ಬಿಳಿಗೆ ಸೇರ್ಕೊಳ್ತು. ಎರಡನೇ ಶೀಟು ಸ್ಪ್ರೇಗೆ ಉಳೀತು, ಆದ್ರೆ ನೀರಿಗೆ ಹಾಕಿದ್ಮೇಲೆ ಅಂಚಲ್ಲೆಲ್ಲ ಬಣ್ಣ ಬಿಡ್ತು. ಸ್ಪ್ರೇನೇ ಸರಿ ಇಲ್ವಾ? (ಮಂಗಳೂರು)

ಉತ್ತರ: ಇವೆರಡೂ ಬೇರೆ ಬೇರೆ ತೊಂದ್ರೆ, ಸ್ಪ್ರೇ ಕ್ಯಾನನ್ನ ಆಮೇಲೆ ಬೈಯೋಣ.

ಮೊದಲನೇದು. ಇಂಕ್‌ಜೆಟ್ ಇಂಕಲ್ಲಿ ನೀರಿನ ಜೊತೆ ಗ್ಲಿಸರಾಲ್ ಥರದ ಬೇಗ ಆರದ ದ್ರವಾನೂ ಇರತ್ತೆ, ಪ್ರಿಂಟರ್ ಹೆಡ್ ಒಣಗಿ ಕಟ್ಕೋಬಾರ್ದು ಅಂತ. ಮಾಮೂಲಿ ಕಾಗದ ಆದ್ರೆ ಅದನ್ನ ಹೀರ್ಕೊಳತ್ತೆ, ಡೆಕಲ್ ಪೇಪರ್ ಮೇಲಿನ ಫಿಲ್ಮು ಅಷ್ಟು ಹೀರಲ್ಲ, ಹಾಗಾಗಿ ಮುಟ್ಟಿದ್ರೆ ಒಣಗಿದೆ ಅನ್ಸಿದ್ರೂ ಒಳಗೆ ಇನ್ನೂ ಹಸಿ. ಅದರ ಮೇಲೆ ಲ್ಯಾಕರ್ (ಅದೇ ನಿಮ್ಮ ಕ್ಲಿಯರ್ ಸ್ಪ್ರೇ) ಒದ್ದೆಯಾಗಿ ಬಿದ್ರೆ ಅದರ ಸಾಲ್ವೆಂಟಲ್ಲಿ ಇಂಕು ಕದಡಿ ಓಡಾಡತ್ತೆ. ನಿಮ್ಮೂರಲ್ಲಂತೂ ಮಳೆಗಾಲದಲ್ಲಿ ಒಂದು ರಾತ್ರಿ ಸಾಲಲ್ಲ, ಪೂರ್ತಿ ಒಂದು ದಿನ ಬಿಡಿ, ಆಮೇಲೆ ಹೇರ್ ಡ್ರೈಯರನ್ನ ಕಡಿಮೆ ಬಿಸಿಗೆ ಇಟ್ಟು ದೂರದಿಂದ ಸ್ವಲ್ಪ ಹೊತ್ತು ಗಾಳಿ ಹಿಡೀರಿ. ಪ್ರಿಂಟಲ್ಲಿ ಇಂಕು ಹನಿಹನಿಯಾಗಿ ನಿಂತಿದ್ರೆ ಕ್ವಾಲಿಟಿ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿ.

ಸ್ಪ್ರೇ ವಿಷಯಕ್ಕೆ ಬಂದ್ರೆ ನನ್ನ ಹಠ ಒಂದೇ, ಮೊದಲ ಕೋಟು ಶೀಟಿನ ಮೇಲೆ ಕೋಟು ಅಂತಾನೇ ಕಾಣಬಾರ್ದು. 30 ಸೆಂಟಿಮೀಟರ್ ದೂರದಿಂದ, ಕೈ ಎಲ್ಲೂ ನಿಲ್ಲಿಸದೆ, ಶೀಟಿನ ಆಚೆ ಶುರು ಮಾಡಿ ಈಚೆ ಮುಗಿಸಿ, ಮಂಜು ಬಿದ್ದ ಹಾಗೆ. ಓರೆಯಾಗಿ ಬೆಳಕಿಗೆ ಹಿಡಿದ್ರೆ ಸಣ್ಣ ಸಣ್ಣ ಚುಕ್ಕೆ ಒರಟೊರಟಾಗಿ ಕಾಣ್ಬೇಕು, ಹೊಳಪು ಬಂತು ಅಂದ್ರೆ ಆಗಲೇ ಜಾಸ್ತಿ ಹೊಡೆದಿದೀರ ಅಂತ. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಆಮೇಲೆ ಮತ್ತೊಂದು. ಈ ಮೂರು ಕೂತ್ಮೇಲೆ ಹೊಳೆಯೋ ಹಾಗೆ ಒಂದೋ ಎರಡೋ ಕೋಟು ಧೈರ್ಯವಾಗಿ ಕೊಡಿ, ಅಷ್ಟಕ್ಕೇ ನಿಲ್ಲಿಸಿ, ಇಲ್ಲಾಂದ್ರೆ ಡೆಕಲ್ ಸ್ಟಿಕ್ಕರ್ ಥರ ದಪ್ಪ ಆಗತ್ತೆ. ಮಳೆ ಸುರೀತಿರೋವಾಗ ಮಾತ್ರ ಹೊಡೀಬೇಡಿ, ಸಾಲ್ವೆಂಟ್ ಆರೋವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂತು ಬೆಳ್ಳಗೆ ಮಬ್ಬಾಗತ್ತೆ.

ಎರಡನೇದು ಅಂಚು. ಸೀಲ್ ಆಗಿರೋದು ಮೇಲ್ಭಾಗ ತಾನೇ, ಕತ್ತರಿ ಹಾಕಿದ ಕಡೆ ಇಂಕು ಮತ್ತೆ ಬಯಲಿಗೆ ಬಂತು. ಕ್ಲಿಯರ್ ಪೇಪರ್ ಆದ್ರೆ ಸುತ್ತ ಒಂದು ಮಿಲಿಮೀಟರ್ ಖಾಲಿ ಜಾಗ ಬಿಟ್ಟು ಕತ್ತರಿಸಿದ್ರೆ ಮುಗೀತು. ಬಿಳಿ ಪೇಪರಲ್ಲಿ ಹಾಗೆ ಬಿಟ್ರೆ ರೌಂಡೆಲ್ ಸುತ್ತ ಬಿಳಿ ಬಳೆ ತೊಡಿಸಿದ ಹಾಗಿರತ್ತೆ. ಅದಕ್ಕೆ ಪ್ರಿಂಟ್ ಮಾಡೋವಾಗಲೇ ಹೊರಗಿನ ಕೇಸರಿಯನ್ನ ಸ್ವಲ್ಪ ಅಗಲ ಮಾಡ್ಕೊಳ್ಳಿ, ಆ ಕೇಸರಿಯ ಒಳಗೇ ಹೊಸ ಬ್ಲೇಡಲ್ಲಿ ದುಂಡಗೆ ಕತ್ತರಿಸಿ, ಆಮೇಲೆ ತೆಳು ಬ್ರಷ್ಷಲ್ಲಿ ಅಂಚಿಗೆ ಮಾತ್ರ ಮೈಕ್ರೋಸ್ಕೇಲ್ ಲಿಕ್ವಿಡ್ ಡೆಕಲ್ ಫಿಲ್ಮ್ ಅಥವಾ ಅದೇ ಲ್ಯಾಕರ್ ಮುಟ್ಟಿಸಿ ಒಣಗಿಸಿ. ನೀರಲ್ಲಿ ಮುಳುಗಿಸಿಟ್ಟು ಮರೀಬೇಡಿ, ಹತ್ತು ಹದಿನೈದು ಸೆಕೆಂಡ್ ಅದ್ದಿ ಟಿಶ್ಯೂ ಮೇಲಿಡಿ, ಗೋಂದು ತಾನಾಗೇ ಬಿಡತ್ತೆ. ಕ್ಲಿಯರ್ ಪೇಪರ್ ತಗೊಂಡ್ರೆ ಸುಲಭ ಅಲ್ವಾ ಅಂತ ಕೇಳ್ಬೇಡಿ, ಇಂಕು ಪಾರದರ್ಶಕ, ಪ್ರಿಂಟರಿಗೆ ಬಿಳಿ ಹಾಕಕ್ಕೇ ಬರಲ್ಲ, ಮಾರುತ್‌ನ ಹಸಿರು ಕ್ಯಾಮೊ (ಮರೆಮಾಚೋ ಬಣ್ಣ) ಮೇಲೆ ನಿಮ್ಮ ಕೇಸರಿ ಕೆಸರಾಗತ್ತೆ. ರೆಕ್ಕೆ ಮೇಲೆ ಮೊದ್ಲೇ ಬಿಳಿ ವೃತ್ತ ಪೇಂಟ್ ಮಾಡ್ಕೊಂಡ್ರೆ ಮಾತ್ರ ಆ ದಾರಿ. ಅಂದಹಾಗೆ ಬೆಂಗಳೂರಿಗೆ ಬಂದಾಗ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಆವರಣದಲ್ಲಿ ಇಟ್ಟಿರೋ ಮಾರುತ್ ನೋಡಿ, ಪ್ಯಾನೆಲ್ ಗೆರೆಗಳಿಗೆ (ತಗಡು ತಗಡು ಸೇರೋ ಕಡೆಯ ಗೆರೆ) ಒಳ್ಳೇದು, ಬಣ್ಣಕ್ಕೆ ಅದನ್ನ ಪೂರ್ತಿ ನಂಬ್ಬೇಡಿ, ಬಯಲಲ್ಲಿ ನಿಂತ ವಿಮಾನ ಅದು.

ಪ್ರಶ್ನೆ: ಕರ್ನಾಟಕ ಸಾರಿಗೆ ಕೆಂಪು ಬಸ್ಸಿನ ಮಾಡೆಲ್‌ಗೆ ಅಕ್ಷರದ ಡೆಕಲ್ ಮಾಡಿದೀನಿ. ಸ್ಪ್ರೇ ಇಲ್ಲ, ಬ್ರಷ್ಷಲ್ಲಿ ವಾರ್ನಿಷ್ ಹಚ್ಬಹುದಾ? ಹೇರ್ ಸ್ಪ್ರೇ ಸಾಕು ಅಂತ ಒಬ್ರು ಹೇಳಿದ್ರು. (ಹುಬ್ಬಳ್ಳಿ)

ಉತ್ತರ: ನೀರಿನ ವಾರ್ನಿಷ್ಷನ್ನ ಬ್ರಷ್ಷಲ್ಲಿ ಎಳೆದ್ರೆ ಅಕ್ಷರ ಬ್ರಷ್ ಜೊತೇಲೇ ಹೋಗತ್ತೆ. ಹೇರ್ ಸ್ಪ್ರೇ ತಲೆ ತೊಳೆದ್ರೆ ಹೋಗ್ಲಿ ಅಂತಾನೇ ಮಾಡಿರೋದು, ಅದು ನೀರಲ್ಲಿ ನಿಮ್ಮ ಇಂಕನ್ನ ಕಾಯತ್ತಾ? ಒಂದು ಕ್ಯಾನ್ ಅಕ್ರಿಲಿಕ್ ಕ್ಲಿಯರ್ ತಗೊಂಬಿಡಿ. ಬ್ರಷ್ಷೇ ಬೇಕು ಅಂದ್ರೂ ಮೊದಲ ಎರಡು ಕೋಟು ಸ್ಪ್ರೇ ಆಗಿರ್ಲಿ, ಆಮೇಲೆ ಏನಾದ್ರೂ ಹಚ್ಕೊಳ್ಳಿ.

ಪ್ರಶ್ನೆ: ಸೀಲ್ ಮಾಡಿದ ಡೆಕಲ್ ಪ್ಯಾನೆಲ್ ಗೆರೆಗೆ ಕೂರ್ತಾನೇ ಇಲ್ಲ, ಡೆಕಲ್ ಮೆತ್ತಗೆ ಮಾಡೋ ಮೈಕ್ರೋ ಸಾಲ್ ದ್ರವ ಹಾಕಿದ್ರೆ ಸುಕ್ಕಾಗತ್ತೆ. (ಬೆಂಗಳೂರು)

ಉತ್ತರ: ಸುಕ್ಕಾದಾಗ ಬೆರಳು ಹಾಕ್ಬೇಡಿ, ಒಣಗ್ತಾ ತಾನೇ ಇಳಿಯತ್ತೆ. ಲ್ಯಾಕರ್ ಪದರ ಇರೋದ್ರಿಂದ ಅಂಗಡಿ ಡೆಕಲ್ಲಿಗಿಂತ ನಿಧಾನ, ಒಂದೇ ಸಲ ಸುರೀದೆ ಒಂದೊಂದು ಹನಿ ಹಾಕಿ ಆರಕ್ಕೆ ಬಿಟ್ಟು ಮತ್ತೆ ಹಾಕಿ. ಕೆಳಗಿನ ಪೇಂಟು ಹೊಳಪಿನದೇ ಆಗಿರ್ಬೇಕು, ಹೊಳಪಿಲ್ಲದ ಮ್ಯಾಟ್ ಮೇಲೆ ಅಂಟಿಸಿದ್ರೆ ಒಳಗೆ ಗಾಳಿ ಸಿಕ್ಕಿ ಬೆಳ್ಳಿ ಬೆಳ್ಳಿ ಹೊಳೆಯತ್ತೆ.

ಪ್ರಶ್ನೆ: ಲೇಸರ್ ಪ್ರಿಂಟಿಗೂ ಸೀಲ್ ಬೇಕಾ? (ಮೈಸೂರು)

ಉತ್ತರ: ಲೇಸರಿನ ಬಣ್ಣದ ಪುಡಿ, ಅಂದ್ರೆ ಟೋನರ್, ನೀರಿಗೆ ಕರಗಲ್ಲ, ಹಾಗಾಗಿ ಬಣ್ಣ ಹರಡೋ ಭಯ ಇಲ್ಲ. ಆದ್ರೂ ಮಡಚಿದ ಕಡೆ ಸೀಳತ್ತೆ, ತೆಳ್ಳಗೆ ಒಂದು ಕೋಟು ಹೊಡೀರಿ. ಪೇಪರ್ ಮಾತ್ರ ಲೇಸರ್‌ದೇ ಕೇಳಿ ತಗೊಳ್ಳಿ, ಇಂಕ್‌ಜೆಟ್ ಪೇಪರ್ ಒಳಗಿನ ಬಿಸಿಗೆ ಕರಗಿ ಬಿಸಿ ರೋಲರಿಗೆ ಸುತ್ಕೊಂಡ್ರೆ ರಿಪೇರಿ ಖರ್ಚಲ್ಲಿ ಇನ್ನೊಂದು ಕಿಟ್ ಬರತ್ತೆ.