ಹಳೇ ವಾಚ್ ಸಾಕೇ, ಹೊಸದು ಬೇಕೇ?

ಓಟ, ನಡಿಗೆ, ಈಜಿಗೆ ಕಟ್ಟಿಕೊಳ್ಳುವ ಸ್ಮಾರ್ಟ್‌ವಾಚ್ ಬದಲಿಸಬೇಕೇ ಎಂದು ಕೇಳಿದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಎಲ್ಲರಿಗೂ ಒಂದು ಮಾತು: ಕೆಟ್ಟಿರುವುದು ಬ್ಯಾಟರಿಯೋ, ಬೆಲ್ಟೋ, ಸೆನ್ಸರೋ, ಸೆಟ್ಟಿಂಗೋ ಎಂದು ಮೊದಲು ಕಂಡುಕೊಳ್ಳಿ. ಹಣ ಬಿಚ್ಚುವ ವಿಚಾರ ಆಮೇಲೆ.

ಪ್ರಶ್ನೆ: ನನ್ನ ಬಳಿ ಗಾರ್ಮಿನ್ ಫೋರ್‌ರನ್ನರ್ 245 ಇದೆ, ಕೊಂಡು ಐದು ವರ್ಷವಾಗಿದೆ. ವಾರಕ್ಕೆ ನಾಲ್ಕು ದಿನ ಓಡುತ್ತೇನೆ, ಹಾಫ್ ಮ್ಯಾರಥಾನ್‌ಗೆ ತಯಾರಿ ನಡೆದಿದೆ. ನಿಧಾನವಾಗಿ ಓಡುವಾಗಲೂ ಹೃದಯಬಡಿತ 170 ದಾಟುತ್ತದೆ, ಮರಗಳ ಕೆಳಗೆ ಓಡಿದರೆ ನಕ್ಷೆಯ ಗೆರೆ ಸೊಟ್ಟಗಾಗುತ್ತದೆ, ಬ್ಯಾಟರಿಯೂ ಮೊದಲಿನಂತಿಲ್ಲ. 265ಕ್ಕೆ ಹೋಗಲೇ? — ಓದುಗರು, ಮೈಸೂರು

ಉತ್ತರ: ನಿಮ್ಮ ಮೂರು ದೂರುಗಳಿಗೂ ಬೇರೆ ಬೇರೆ ಕಾರಣವಿದೆ. ಒಂದೊಂದಾಗಿ ನೋಡೋಣ.

ಮೊದಲು ಬ್ಯಾಟರಿ. ಹೊಸದಿದ್ದಾಗ 245ಕ್ಕೆ ಕಂಪನಿ ಹೇಳುವ ಲೆಕ್ಕ ಜಿಪಿಎಸ್ ಹಾಕಿದರೆ 24 ಗಂಟೆ, ಅಂದರೆ ಗಂಟೆಗೆ ಶೇ. 4ರ ಆಸುಪಾಸು ಖರ್ಚು. ಪೂರ್ತಿ ಚಾರ್ಜ್ ಮಾಡಿ, ಒಂದು ಗಂಟೆಗೂ ಹೆಚ್ಚು ಹೊತ್ತಿನ ಓಟಕ್ಕೆ ಹೊರಡುವ ಮುನ್ನ ಮತ್ತು ಮುಗಿದ ಮೇಲೆ ಶೇಕಡಾವಾರು ಬರೆದಿಟ್ಟುಕೊಳ್ಳಿ. ಗಂಟೆಗೆ 6 ಅಥವಾ 7 ಇಳಿದರೂ 14–16 ಗಂಟೆ ಬಾಳುತ್ತದೆ. ಎರಡೂವರೆ ಗಂಟೆಯ ಹಾಫ್ ಮ್ಯಾರಥಾನ್‌ಗೆ ಅದು ಧಾರಾಳ. ಗಂಟೆಗೆ 15ಕ್ಕೂ ಹೆಚ್ಚು ಇಳಿಯುತ್ತಿದ್ದರೆ, ಅಥವಾ 40ರಲ್ಲಿದ್ದದ್ದು ಒಮ್ಮೆಲೇ ಸೊನ್ನೆಯಾಗಿ ವಾಚ್ ಆರಿಹೋಗುತ್ತಿದ್ದರೆ ಬ್ಯಾಟರಿ ಮುಗಿದಿದೆ ಎಂದರ್ಥ. ನಿಮ್ಮದು ಮ್ಯೂಸಿಕ್ ಮಾದರಿಯಾಗಿದ್ದು ಹಾಡು ಕೇಳುತ್ತಾ ಓಡುವವರಾದರೆ ಈ ಲೆಕ್ಕ ಹೊಂದುವುದಿಲ್ಲ. ಹಾಡು ಮತ್ತು ಜಿಪಿಎಸ್ ಎರಡೂ ಇದ್ದರೆ ಹೊಸದರಲ್ಲೇ 6 ಗಂಟೆ ಮಾತ್ರ.

ಇನ್ನು 170ರ ಬಡಿತ. ಇದಕ್ಕೆ ಓಟಗಾರರು ಕೇಡೆನ್ಸ್ ಲಾಕ್ ಎನ್ನುತ್ತಾರೆ (ಕೇಡೆನ್ಸ್ ಎಂದರೆ ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆ). ವಾಚಿನ ಅಡಿಯಲ್ಲಿರುವ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಡುತ್ತದೆ. ಪ್ರತಿ ಬಡಿತಕ್ಕೂ ರಕ್ತ ಹೆಚ್ಚು ಕಡಿಮೆಯಾದಂತೆ ಹಿಂದಿರುಗುವ ಬೆಳಕೂ ಬದಲಾಗುತ್ತದೆ, ಆ ಏರಿಳಿತವನ್ನೇ ವಾಚ್ ಎಣಿಸುತ್ತದೆ. ಬೆಲ್ಟ್ ಸಡಿಲವಿದ್ದರೆ ಪ್ರತಿ ಹೆಜ್ಜೆಗೂ ವಾಚ್ ಕುಲುಕಿ ಅಷ್ಟೇ ಲಯಬದ್ಧವಾದ ಇನ್ನೊಂದು ಏರಿಳಿತ ಹುಟ್ಟುತ್ತದೆ. ಓಟದ ಹೆಜ್ಜೆ ನಿಮಿಷಕ್ಕೆ 160ರಿಂದ 180 ಇರುವುದರಿಂದ ವಾಚ್ ಹೆಜ್ಜೆಯನ್ನೇ ಬಡಿತವೆಂದು ಹಿಡಿದುಕೊಂಡುಬಿಡುತ್ತದೆ. ಗಾರ್ಮಿನ್ನಿನ ಕನೆಕ್ಟ್ ಆಪ್‌ನಲ್ಲಿ ಅದೇ ಓಟದ ಹೃದಯಬಡಿತದ ಗೆರೆ ಮತ್ತು ಕೇಡೆನ್ಸ್ ಗೆರೆ ಎರಡನ್ನೂ ತೆರೆಯಿರಿ. ಎರಡೂ ಒಂದರ ಮೇಲೊಂದು ಕೂತಿದ್ದರೆ ಅನುಮಾನವೇ ಬೇಡ.

ಮಣಿಕಟ್ಟಿನ ಉಬ್ಬುಮೂಳೆಯಿಂದ ಒಂದು ಬೆರಳಗಲ ಮೇಲೆ, ಮೊಣಕೈ ಕಡೆಗೆ, ವಾಚ್ ಕಟ್ಟಿ. ಓಡುವ ಮುನ್ನ ಬೆಲ್ಟನ್ನು ಒಂದು ರಂಧ್ರ ಬಿಗಿ ಮಾಡಿ. ತಳ್ಳಿದರೆ ಚರ್ಮವೂ ಜೊತೆಗೆ ಸರಿಯುವಷ್ಟು ಬಿಗಿಯಾದರೆ ಸಾಕು, ಮುಗಿದ ಮೇಲೆ ಸಡಿಲಿಸಿ. ಐದು ವರ್ಷದ ಸಿಲಿಕೋನ್ ಬೆಲ್ಟ್ ಹಿಗ್ಗಿರುತ್ತದೆ, ಹೊಸ 20 ಮಿಲಿಮೀಟರ್ ಬೆಲ್ಟ್ ಹಾಕಿ. ಸೆನ್ಸರ್ ಗಾಜಿನ ಮೇಲೆ ಸನ್‌ಸ್ಕ್ರೀನ್ ಪೊರೆ ಕಟ್ಟಿದ್ದರೆ ತೊಳೆಯಿರಿ. ಚಳಿಗಾಲದ ಬೆಳಗ್ಗೆ ಕೈ ತಣ್ಣಗಿದ್ದರೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಐದು ನಿಮಿಷ ಚುರುಕಾಗಿ ನಡೆದು ಆಮೇಲೆ ಓಡಿ. ಇಷ್ಟಾದರೂ ಸರಿಹೋಗದಿದ್ದರೆ ಎದೆಪಟ್ಟಿ ಕೊಳ್ಳಿ. ಅದು ಬೆಳಕಿನ ಬದಲು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಕುಲುಕಾಟಕ್ಕೆ ಅಷ್ಟಾಗಿ ಮೋಸಹೋಗುವುದಿಲ್ಲ. ನಿಮ್ಮ 245 ಬ್ಲೂಟೂತ್, ಆಂಟ್ ಪ್ಲಸ್ (ಬ್ಲೂಟೂತಿನಂಥದೇ ಇನ್ನೊಂದು ನಿಸ್ತಂತು ಸಂಪರ್ಕ) ಎರಡರಲ್ಲೂ ಎದೆಪಟ್ಟಿಗೆ ಜೋಡಿಯಾಗುತ್ತದೆ. ಕಟ್ಟುವ ಮುನ್ನ ಪಟ್ಟಿಯ ಒಳಮೈಯನ್ನು ನೀರಿನಿಂದ ಒದ್ದೆ ಮಾಡಬೇಕು. ಒಣ ಪಟ್ಟಿ ಮೊದಲ ಹತ್ತು ನಿಮಿಷ ಅಂಕಿ ತಪ್ಪಿಸುತ್ತದೆ. 265 ಕೊಂಡರೂ ಜೋರು ಓಟದ ದಿನ ಎದೆಪಟ್ಟಿಯೇ ಮೇಲು. ಹಾಗಿರುವಾಗ ಹೊಸ ವಾಚಿನ ಬೆಲೆಯ ಸಣ್ಣ ಪಾಲಿಗೆ ಸಿಗುವ ಪಟ್ಟಿಯನ್ನೇ ಮೊದಲು ಕೊಳ್ಳುವುದು ಜಾಣತನ.

ಇನ್ನು ಸೊಟ್ಟ ಗೆರೆ. ನಿಮ್ಮ ಮೂರು ದೂರುಗಳಲ್ಲಿ 265ರಿಂದ ನಿಜವಾಗಿ ಲಾಭವಾಗುವುದು ಇದೊಂದಕ್ಕೇ. 245 ಉಪಗ್ರಹಗಳಿಂದ ಎಲ್1 ಎಂಬ ಒಂದೇ ಕಂಪನಾಂಕದ (1575.42 ಮೆಗಾಹರ್ಟ್ಸ್) ಅಲೆ ಕೇಳುತ್ತದೆ. ಇದೇ ಸರಣಿಯ ನಂತರದ ಮಾದರಿಗಳಾದ 255, 265 ಅದರ ಜೊತೆ ಎಲ್5 (1176.45 ಮೆಗಾಹರ್ಟ್ಸ್) ಕೂಡ ಕೇಳುತ್ತವೆ. ಗೋಡೆ, ಬಂಡೆಗಳಿಗೆ ಬಡಿದು ಬಂದ ಅಲೆ ನೇರವಾಗಿ ಬಂದದ್ದಕ್ಕಿಂತ ತಡವಾಗಿ ತಲುಪಿ ಲೆಕ್ಕ ಕೆಡಿಸುತ್ತದೆ. ಎಲ್5ರ ಕೋಡ್ ಹತ್ತು ಪಟ್ಟು ವೇಗದ್ದಾದ್ದರಿಂದ ನೇರ ಅಲೆ ಯಾವುದು, ಬಡಿದು ಬಂದದ್ದು ಯಾವುದು ಎಂದು ಚಿಪ್ ಸುಲಭವಾಗಿ ಬೇರ್ಪಡಿಸುತ್ತದೆ. ಬೆಂಗಳೂರಿನ ಎಂ.ಜಿ. ರಸ್ತೆಯಂಥ ಎತ್ತರದ ಕಟ್ಟಡಗಳ ನಡುವೆ, ಚಾರ್ಮಾಡಿ ಘಾಟಿಯಂಥ ಕಡಿದಾದ ಕಣಿವೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕುಕ್ಕರಹಳ್ಳಿ ಕೆರೆ ಏರಿಯಂಥ ತೆರೆದ ಜಾಗದಲ್ಲಿ ಓಡುವವರಿಗೆ ಹೆಚ್ಚೇನೂ ಕಾಣದು. ಮರಗಳ ಕೆಳಗಿನ ದಾರಿಗೆ ಈಗಿನ ವಾಚಿನಲ್ಲೇ ಜಿಪಿಎಸ್ ಜೊತೆ ಗೆಲಿಲಿಯೋ (ಯುರೋಪಿನ ಉಪಗ್ರಹ ವ್ಯವಸ್ಥೆ) ಆರಿಸಿ, ಡೇಟಾ ರೆಕಾರ್ಡಿಂಗನ್ನು ‘ಪ್ರತಿ ಸೆಕೆಂಡ್’ಗೆ ಬದಲಿಸಿ. ಹೊರಡುವ ಮುನ್ನ ಫೋನಿಗೆ ಸಿಂಕ್ ಮಾಡಿದರೆ ಉಪಗ್ರಹಗಳ ಮುಂದಿನ ಕೆಲ ದಿನಗಳ ಸ್ಥಾನದ ಕಡತ ವಾಚಿಗೆ ಇಳಿಯುತ್ತದೆ. ಆ ಕಡತ ಹಳತಾಗಿದ್ದರೆ ಉಪಗ್ರಹ ಹಿಡಿಯಲು ನಿಮಿಷಗಟ್ಟಲೆ ಬೇಕು. ಹಸಿರು ಪಟ್ಟಿ ಬಂದ ಮೇಲೂ ತೆರೆದ ಆಕಾಶದಡಿ ಒಂದು ನಿಮಿಷ ನಿಂತು ಸ್ಟಾರ್ಟ್ ಒತ್ತಿ.

ಸ್ಪರ್ಧೆಯ ದಿನ ವಾಚ್ 21.3 ಕಿಲೋಮೀಟರ್ ತೋರಿಸಿದರೆ ಗಾಬರಿ ಬೇಡ. ಪ್ರಮಾಣಿತ ಸ್ಪರ್ಧಾಮಾರ್ಗವನ್ನು ತಿರುವುಗಳ ಒಳ ಅಂಚು ಹಿಡಿದು, ಸಾಧ್ಯವಿರುವ ಅತಿ ಹತ್ತಿರದ ದಾರಿಯಲ್ಲಿ ಅಳೆಯುತ್ತಾರೆ. ದೂರ ಕಡಿಮೆಯಾಗಬಾರದೆಂದು ಪ್ರತಿ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಾಗಿಯೂ ಇಡುತ್ತಾರೆ. ಜನಜಂಗುಳಿಯಲ್ಲಿ ಆ ಗೆರೆ ಹಿಡಿದು ಓಡುವುದು ಯಾರಿಗೂ ಆಗದ ಕೆಲಸ.

ಒಟ್ಟಾರೆ ನಮ್ಮ ಅಭಿಪ್ರಾಯ: ಈಗ ಬೇಡ. ಚಾಮುಂಡಿ ಬೆಟ್ಟದ ಏರು ಓಟ ನಿಮ್ಮ ತಯಾರಿಯ ಮುಖ್ಯ ಭಾಗವಾಗಿದ್ದರೆ ಮಾತ್ರ ಯೋಚಿಸಿ. 245ರಲ್ಲಿ ವಾಯುಭಾರದಿಂದ ಎತ್ತರ ಅಳೆಯುವ ಸೆನ್ಸರ್ ಇಲ್ಲ, 255 ಮತ್ತು 265ರಲ್ಲಿದೆ. ಆಗಲೂ 255 ಸಿಕ್ಕರೆ ಅದನ್ನೇ ನೋಡಿ. 265ರ ಅಮೊಲೆಡ್ ಪರದೆ ಚೆಂದ, ಆದರೆ ಜಿಪಿಎಸ್ ಬಾಳಿಕೆ 255ಕ್ಕೆ 30 ಗಂಟೆ, 265ಕ್ಕೆ 20. ಬಿಸಿಲು ಏರಿದಷ್ಟೂ 255ರ ಪರದೆ ಇನ್ನೂ ಚೆನ್ನಾಗಿ ಕಾಣುತ್ತದೆ. ಯಾವುದನ್ನೇ ಕೊಂಡರೂ ಸ್ಪರ್ಧೆಗೆ ಒಂದು ತಿಂಗಳ ಒಳಗೆ ಬದಲಿಸಬೇಡಿ. ಹೊಸ ವಾಚ್ ನಿಮ್ಮ ಎಚ್‌ಆರ್‌ವಿ (ಬಡಿತಗಳ ನಡುವಿನ ಅಂತರದ ಏರುಪೇರು) ಮಟ್ಟ ಗುರುತಿಸಲು ಮೂರು ವಾರದ ನಿದ್ರೆಯ ದಾಖಲೆ ಬೇಕು, ಗುಂಡಿಗಳ ಅಭ್ಯಾಸ ಬೆರಳಿಗೂ ಆಗಬೇಕು.

ಪ್ರಶ್ನೆ: ಅಪ್ಪನಿಗೆ 58, ಸಕ್ಕರೆ ಕಾಯಿಲೆ ಮತ್ತು ಬಿಪಿ ಎರಡೂ ಇವೆ. ಸೂಜಿ ಚುಚ್ಚದೆ ಸಕ್ಕರೆ ಪ್ರಮಾಣ ತೋರಿಸುವ ವಾಚ್ ಎಂಬ ಜಾಹೀರಾತು ನೋಡಿದೆ. ಅವರ ಹಳೇ ಫಿಟ್‌ನೆಸ್ ಬ್ಯಾಂಡ್ ಬದಲಿಸಿ ಅದನ್ನು ಕೊಡಿಸಬಹುದೇ? — ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಕೊಡಿಸಬೇಡಿ. ಚರ್ಮ ಚುಚ್ಚದೆ ತಾನಾಗಿಯೇ ರಕ್ತದ ಸಕ್ಕರೆ ಅಳೆಯುವ ಯಾವ ಸ್ಮಾರ್ಟ್‌ವಾಚಿಗೂ, ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಬಹಿರಂಗವಾಗಿ ಎಚ್ಚರಿಸಿತು. ಅಂಥ ವಾಚ್ ತೋರಿಸುವ ಸುಳ್ಳು ಅಂಕಿ ನಂಬಿ ಇನ್ಸುಲಿನ್ ಅಥವಾ ಮಾತ್ರೆ ಹೆಚ್ಚು ತೆಗೆದುಕೊಂಡರೆ ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯ. ಕೆಲವು ವಾಚ್‌ಗಳಲ್ಲಿ ಸಕ್ಕರೆ ಅಂಕಿ ಕಾಣುವುದು ನಿಜ. ಆದರೆ ಅಳೆಯುವುದು ತೋಳಿಗೆ ಅಂಟಿಸಿದ ಸಿಜಿಎಂ (ಸಕ್ಕರೆಯನ್ನು ಸತತವಾಗಿ ಅಳೆಯುವ ಸಾಧನ) ಬಿಲ್ಲೆ. ಅದರ ಕೂದಲಿನಷ್ಟು ತೆಳುವಾದ ಎಳೆ ಚರ್ಮದೊಳಗಿರುತ್ತದೆ, ವಾಚ್ ಬರೀ ಪರದೆ.

ಬಿಪಿಯದೂ ಹೆಚ್ಚುಕಡಿಮೆ ಹೀಗೇ. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್‌ಗಳಲ್ಲಿ ಬಿಪಿ ನೋಡಬೇಕೆಂದರೆ 28 ದಿನಕ್ಕೊಮ್ಮೆ ತೋಳಿಗೆ ಕಟ್ಟುವ ಬಿಪಿ ಯಂತ್ರದಿಂದ ಅಳೆದು ವಾಚನ್ನು ಹೊಂದಿಸಬೇಕು, ಸ್ಯಾಮ್‌ಸಂಗ್ ಫೋನೇ ಬೇಕು. ಯಂತ್ರ ಹೇಗೂ ಮನೆಯಲ್ಲಿರಬೇಕಾದ ಮೇಲೆ ಅದರಲ್ಲೇ ಅಳೆಯುವುದು ಸರಿ. ಆ ಹಣದಲ್ಲಿ ಒಳ್ಳೆಯ ತೋಳಪಟ್ಟಿಯ ಬಿಪಿ ಯಂತ್ರ, ಗ್ಲುಕೋಮೀಟರ್ ಮತ್ತು ಅದರ ಸ್ಟ್ರಿಪ್‌ಗಳನ್ನು ಕೊಡಿಸಿ. ನಡಿಗೆಯ ಲೆಕ್ಕಕ್ಕೆ ಹಳೇ ಬ್ಯಾಂಡ್ ಸಾಕು.

ಪ್ರಶ್ನೆ: ಪಣಂಬೂರಿನಲ್ಲಿ ವಾರಕ್ಕೆರಡು ಸಲ ಸಮುದ್ರದಲ್ಲಿ ಈಜುತ್ತೇನೆ. ನೀರು ತಡೆಯುವ 5 ಎಟಿಎಂ ಗುರುತಿನ ವಾಚ್ ಈಗ ಚಾರ್ಜ್ ಆಗುತ್ತಿಲ್ಲ. ಮಟ್ಟಸ ರಸ್ತೆಯಲ್ಲಿ ನಡೆದರೂ ನೂರಾರು ಮೀಟರ್ ಏರಿದಂತೆ ತೋರಿಸುತ್ತದೆ. ಅಂಗಡಿಯವರು ಹೊಸದು ಕೊಳ್ಳಿ ಎನ್ನುತ್ತಾರೆ. — ಓದುಗರು, ಮಂಗಳೂರು

ಉತ್ತರ: ಎರಡಕ್ಕೂ ಉಪ್ಪೇ ಕಾರಣವಿರಬಹುದು. ವಾಚ್ ತಿರುಗಿಸಿ ಚಾರ್ಜಿಂಗ್ ಪಿನ್ನುಗಳನ್ನು ಬೆಳಕಿಗೆ ಹಿಡಿದು ನೋಡಿ. ಹಳದಿ ಹೊಳಪಿನ ಬದಲು ಹಸಿರು ಅಥವಾ ಕಪ್ಪು ಕಲೆ ಕಂಡರೆ ಅದು ಕಿಲುಬು. ಬೆವರು, ಉಪ್ಪುನೀರು ಒಣಗದೆ ಚಾರ್ಜಿಗೆ ಹಾಕಿದಾಗ ವಿದ್ಯುತ್ ಹರಿದು ಪಿನ್ನಿನ ಲೋಹವನ್ನೇ ತಿನ್ನುತ್ತದೆ. ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಪಿನ್ ಮತ್ತು ಕೇಬಲ್ಲಿನ ತುದಿ ಎರಡನ್ನೂ ಉಜ್ಜಿ, ಪೂರ್ತಿ ಆರಿದ ಮೇಲೆ ಚಾರ್ಜಿಗೆ ಹಾಕಿ. ಬ್ಲೇಡು, ಉಪ್ಪುಕಾಗದ ಮುಟ್ಟಿಸಬೇಡಿ, ಮೇಲಿನ ಲೇಪನ ಹೋದರೆ ಮತ್ತೆ ಬೇಗ ಕಿಲುಬುತ್ತದೆ. ಕೊಳ್ಳುವುದೇ ಆದರೆ ಮೊದಲು ಕೇಬಲ್ ಮಾತ್ರ ಬದಲಿಸಿ ನೋಡಿ.

ಎತ್ತರದ ತಪ್ಪಿಗೆ ಕಾರಣ ಅಂಚಿನಲ್ಲಿರುವ ವಾಯುಭಾರ ಸೆನ್ಸರಿನ ಸಣ್ಣ ತೂತುಗಳು. ಅಲ್ಲಿ ಉಪ್ಪು, ಮರಳು ಕಟ್ಟಿಕೊಂಡಿರುತ್ತದೆ. ಉಗುರುಬೆಚ್ಚಗಿನ ಸಿಹಿನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಸ್ವಲ್ಪ ಹೊತ್ತು ನೆನೆಸಿ, ನಲ್ಲಿಯ ನಿಧಾನ ಧಾರೆಯಲ್ಲಿ ತೊಳೆದು, ರಾತ್ರಿಯಿಡೀ ಒಣಗಲು ಬಿಡಿ. ಪಿನ್ನು ಚುಚ್ಚಬಾರದು, ಗಾಳಿ ಪಂಪು ಹಿಡಿಯಬಾರದು. ಒಳಗಿನ ತೆಳು ಪೊರೆ ಹರಿದರೆ ನೀರು ಸೀದಾ ಒಳಗೆ.

ಗಾಜಿನ ಒಳಗೆ ಆವಿ ಕಟ್ಟಿದ್ದರೆ ಮಾತ್ರ ಅಂಗಡಿಯವರ ಮಾತು ಸರಿ. 5 ಎಟಿಎಂ ಎಂದರೆ 50 ಮೀಟರ್ ನಿಂತ ನೀರಿನ ಒತ್ತಡಕ್ಕೆ ಕಾರ್ಖಾನೆಯಲ್ಲಿ ಪರೀಕ್ಷೆಯಾಗಿದೆ ಎಂದಷ್ಟೇ, ಅದು ಜೀವಮಾನದ ಭರವಸೆಯಲ್ಲ. ದಿನವೂ ತಗಲುವ ಸೋಪು, ಬಿಸಿನೀರು, ನೆಲಕ್ಕೆ ಬಿದ್ದ ಪೆಟ್ಟು ರಬ್ಬರ್ ಸೀಲನ್ನು ಸಡಿಲಿಸುತ್ತವೆ. ಆವಿ ಕಂಡ ವಾಚನ್ನು ನೀರಿಗಿಳಿಸಬೇಡಿ, ಚಾರ್ಜಿಗೂ ಹಾಕಬೇಡಿ.

ಪ್ರಶ್ನೆ: ಆಪಲ್ ವಾಚ್ ಸೀರೀಸ್ 5 ಇದೆ. ಬ್ಯಾಟರಿ ಹೆಲ್ತ್ ಶೇ. 78 ತೋರಿಸುತ್ತಿದೆ. ಬ್ಯಾಟರಿ ಹಾಕಿಸಲೇ, ಬದಲಿಸಲೇ? — ಓದುಗರು, ಬೆಂಗಳೂರು

ಉತ್ತರ: ನಿಮ್ಮ ವಿಷಯದಲ್ಲಿ ಬದಲಿಸುವುದೇ ಸರಿ. ಶೇ. 80ಕ್ಕಿಂತ ಇಳಿದಾಗ ಕಂಪನಿಯೇ ಬ್ಯಾಟರಿ ಬದಲಿಸಲು ಸೂಚಿಸುತ್ತದೆ, ಬ್ಯಾಟರಿ ಹಾಕಿದರೆ ವಾಚ್ ಚೆನ್ನಾಗಿಯೇ ನಡೆಯುತ್ತದೆ. ಆದರೆ ಸೀರೀಸ್ 5ಕ್ಕೆ 2023ರಲ್ಲಿ ಬಂದ ವಾಚ್‌ಒಎಸ್ 10 ಎಂಬ ತಂತ್ರಾಂಶದ ನಂತರದ ಆವೃತ್ತಿ ಸಿಗುವುದಿಲ್ಲ. ಮುಂದಿನದು ಸೀರೀಸ್ 6 ಮತ್ತು ಅದರ ನಂತರದವಕ್ಕೆ ಮಾತ್ರ. ಆಪ್‌ಗಳು ಒಂದೊಂದಾಗಿ ಕೈಬಿಡಲಿರುವ ವಾಚಿಗೆ ಬ್ಯಾಟರಿ ಹಾಕಿಸುವುದು ನಷ್ಟದ ಬಾಬತ್ತು. ಇದೇ ಪ್ರಶ್ನೆಯನ್ನು ಸೀರೀಸ್ 7 ಇಟ್ಟುಕೊಂಡವರು ಕೇಳಿದ್ದರೆ ಬ್ಯಾಟರಿ ಹಾಕಿಸಿ ಎನ್ನುತ್ತಿದ್ದೆವು. ಓಟ, ನಡಿಗೆಗಷ್ಟೇ ಆದರೆ ಎಸ್‌ಇ ಮಾದರಿ ಸಾಕು. ಇಸಿಜಿ ಬೇಕಿದ್ದರೆ ಅದರಲ್ಲಿಲ್ಲ ಎಂಬುದು ನೆನಪಿರಲಿ. ಆ ಇಸಿಜಿ ಕೂಡ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯದೋಷ ಹುಡುಕುತ್ತದೆಯೇ ಹೊರತು ಹೃದಯಾಘಾತವನ್ನಲ್ಲ. ಮುಂದೆ ಆಂಡ್ರಾಯ್ಡ್ ಫೋನಿಗೆ ಹೋಗುವ ಯೋಚನೆಯಿದ್ದರೆ ಆಪಲ್ ವಾಚೇ ಬೇಡ, ಐಫೋನ್ ಇಲ್ಲದೆ ಅದು ನಡೆಯದು. ಸೆಕೆಂಡ್‌ಹ್ಯಾಂಡ್ ಕೊಳ್ಳುವಿರಾದರೆ ಆಕ್ಟಿವೇಷನ್ ಲಾಕ್ (ಹಳೇ ಮಾಲೀಕರ ಖಾತೆಯ ಬೀಗ) ತೆಗೆಸಿ, ನಿಮ್ಮ ಫೋನಿಗೆ ಅಲ್ಲೇ ಜೋಡಿಸಿ ನೋಡಿದ ಮೇಲೆಯೇ ಹಣ ಕೊಡಿ.

ಪ್ರಶ್ನೆ: ಎರಡು ಸಾವಿರ ರೂಪಾಯಿಯ ನನ್ನ ವಾಚನ್ನು ಟವೆಲ್ಲಿಗೆ ಕಟ್ಟಿದರೂ ಹೃದಯಬಡಿತ ತೋರಿಸುತ್ತದೆ. ಇದು ನಕಲಿಯೇ? — ಓದುಗರು, ಶಿವಮೊಗ್ಗ

ಉತ್ತರ: ಆ ಪರೀಕ್ಷೆಯಿಂದ ಏನೂ ಗೊತ್ತಾಗದು. ದುಬಾರಿ ವಾಚ್‌ಗಳೂ ಬಟ್ಟೆ, ಬಾಳೆಹಣ್ಣಿನ ಮೇಲೆ ಅಂಕಿ ತೋರಿಸುವುದುಂಟು. ಬೆಳಕಿನ ಯಾವುದೋ ಏರಿಳಿತದಲ್ಲಿ ಲಯ ಹುಡುಕುವುದೇ ಅದರ ಕೆಲಸ. ಐದು ನಿಮಿಷ ಸುಮ್ಮನೆ ಕೂತು ಕುತ್ತಿಗೆಯ ನಾಡಿ 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ವಾಚಿಗೂ ಅದಕ್ಕೂ ಐದರೊಳಗಿನ ವ್ಯತ್ಯಾಸವಿರಬೇಕು. ನಂತರ ಮೂರು ಮಹಡಿ ಬೇಗ ಹತ್ತಿ ಮತ್ತೆ ಎಣಿಸಿ. ನಾಡಿ 130 ಮುಟ್ಟಿದ್ದರೂ ವಾಚ್ 85ರಲ್ಲೇ ಕೂತಿದ್ದರೆ ವ್ಯಾಯಾಮಕ್ಕೆ ಅದು ಪ್ರಯೋಜನವಿಲ್ಲ. ಹೆಜ್ಜೆಗೂ ಹೀಗೇ: ಬಾಯಲ್ಲಿ ಎಣಿಸುತ್ತಾ 500 ಹೆಜ್ಜೆ ನಡೆಯಿರಿ, 475ರಿಂದ 525ರೊಳಗೆ ಬಂದರೆ ಸಾಕು. ಬೈಕಿನ ಕಂಪನಕ್ಕೂ ಹೆಜ್ಜೆ ಏರುವುದು ಹಲವು ವಾಚ್‌ಗಳಲ್ಲಿ ಇರುವ ದೋಷ, ಅದಕ್ಕಾಗಿ ಬದಲಿಸಬೇಡಿ.

ಪ್ರಶ್ನೆ: ಬ್ರ್ಯಾಂಡ್ ಬದಲಿಸಿದರೆ ಹಳೇ ದಾಖಲೆ ಹೋಗುತ್ತದೆಯೇ? — ಓದುಗರು, ದಾವಣಗೆರೆ

ಉತ್ತರ: ಓಟ, ಸೈಕಲ್ಲಿನ ದಾಖಲೆ ಉಳಿಯುತ್ತದೆ, ನಿದ್ರೆ, ಒತ್ತಡ, ಎಚ್‌ಆರ್‌ವಿ ಸಾಮಾನ್ಯವಾಗಿ ಹೊಸ ಆಪ್‌ಗೆ ಬರುವುದಿಲ್ಲ. ಮೊದಲು ಹಳೇ ವಾಚನ್ನು ಕೊನೆಯ ಸಲ ಸಿಂಕ್ ಮಾಡಿ. ಆಮೇಲೆ ಕಂಪನಿಯ ಖಾತೆಗೆ ಹೋಗಿ ಪೂರ್ತಿ ಡೇಟಾ ಕೋರಿಕೆ ಸಲ್ಲಿಸಿ. ಕೊಂಡಿ ಇಮೇಲಿಗೆ ಬರಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಬಂದ ಜಿಪ್ ಕಡತ ತೆರೆದು ಒಳಗೆ ಓಟ, ಸೈಕಲ್ಲಿನ ದಾಖಲೆಯಿರುವ ಫಿಟ್ (.fit) ಅಥವಾ ಜಿಪಿಎಕ್ಸ್ (.gpx) ಕಡತಗಳಿವೆಯೇ ನೋಡಿ, ಎರಡು ಕಡೆ ಉಳಿಸಿಕೊಳ್ಳಿ. ಅಲ್ಲಿಯವರೆಗೆ ಖಾತೆ ಅಳಿಸಬೇಡಿ. ಕೊನೆಗೆ ಆಪ್‌ನಿಂದ ವಾಚ್ ತೆಗೆದು, ವಾಚಿನಲ್ಲೇ ಫ್ಯಾಕ್ಟರಿ ರಿಸೆಟ್ ಮಾಡಿ, ಫೋನಿನ ಬ್ಲೂಟೂತ್ ಪಟ್ಟಿಯಿಂದಲೂ ಅದರ ಹೆಸರು ಅಳಿಸಿ. ಆಪ್‌ನಿಂದ ತೆಗೆಯದೆ ಮಾರಿದರೆ ಹಳೇ ವಾಚ್ ಕೊಂಡವರಿಗೆ ಜೋಡಿಸಲು ತೊಂದರೆಯಾಗಬಹುದು.