'ಹೂದಂಡೆ' ಲೇಬಲ್‌ಗೆ ಯಾವ ಹೂ, ಅಕ್ಷರದಲ್ಲಿ ಎಲ್ಲಿ?

ಅಕ್ಕಾ, ಗುಂಪಿನಲ್ಲಿ ನಿಮ್ಮ ಪ್ರಶ್ನೆ ನೋಡಿದೆ. ಮನೆಯಲ್ಲಿ ಬೆಳೆಸಿದ ಡೇರೆ (ಡೇಲಿಯಾ) ಗಡ್ಡೆ, ಹೂವಿನ ಗಿಡ ಮಾರಲು ಶುರು ಮಾಡುತ್ತಿದ್ದೀರಿ. 'ಹೂದಂಡೆ' ಅಂತ ಹೆಸರಿಡಬೇಕು ಅಂತಿದ್ದೀರಿ. ಆ ಹೆಸರನ್ನೇ ಹೂವಿನ ಥರ ಬರೆಸಿ ಕವರ್ ಮೇಲೆ ಅಂಟಿಸಬೇಕು. ನೆಟ್‌ನಲ್ಲಿ ಸಿಕ್ಕಿದ್ದೆಲ್ಲ ಗುಲಾಬಿ, ಯಾವುದೂ ನಮ್ಮ ಕಡೆಯದು ಅನ್ನಿಸುತ್ತಿಲ್ಲ. ಇಷ್ಟೇ ಅಲ್ವಾ? ನಾನು ಸಾಗರದಲ್ಲಿ ಡಿಟಿಪಿ, ಬೋರ್ಡ್ ಕೆಲಸ ಮಾಡುವವನು. ಡೇರೆ ಹುಚ್ಚೂ ಇದೆ. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ಮೇಲೆ ಕೆಲವರು 'ದ ಒಳಗೆ ಒಂದು ಹೂ ಇಡಿ, ಅಕ್ಷರಕ್ಕೆ ಬಳ್ಳಿ ಸುತ್ತಿಸಿ' ಅಂದಿದ್ದಾರೆ. ನಾನು ಬೇಡ ಅನ್ನುತ್ತೇನೆ. ಇಂಗ್ಲಿಷ್ ಅಕ್ಷರದ ಮೇಲೆ ಎಲೆ, ಮೊಗ್ಗು ಏನು ಅಂಟಿಸಿದರೂ ಓದಲು ಬರುತ್ತದೆ. ಕನ್ನಡದಲ್ಲಿ ಹಾಗಾಗುವುದಿಲ್ಲ. ನಮ್ಮಲ್ಲಿ ಒಂದು ಚುಕ್ಕಿ, ಒಂದು ಸೀಳು ಸಾಕು, ಅಕ್ಷರವೇ ಬೇರೆ ಆಗಿಬಿಡುತ್ತದೆ. ರ ಒಳಗೆ ಪರಾಗದ ಹಾಗೆ ಒಂದು ಚುಕ್ಕಿ ಇಡಿ, ಠ ಆಯಿತು. ಬ ಕೆಳಗೆ ಎಸಳಿನ ತುದಿ ಸೀಳಿದ ಹಾಗೆ ಒಂದು ಗೀಟು ಕೊಡಿ, ಭ ಆಯಿತು. ನಿಮ್ಮ ಹೆಸರಿನಲ್ಲಿ ಇರುವುದು ದ ಮತ್ತು ಡೆ, ಎರಡೂ ಅಪಾಯದ ಅಕ್ಷರಗಳೇ. ದ ಕೆಳಗೆ ಎಲೆಯ ತೊಟ್ಟು ಇಳಿಸಿದರೆ ಧ, ಒಳಗೆ ಹೂ ಇಟ್ಟರೆ ಥ ನೆನಪಾಗುತ್ತದೆ. ಡ ಕೆಳಗೆ ಇಳಿಸಿದರೆ ಢ. ಇನ್ನು ಹೂ ಅಕ್ಷರದ ಬಾಲವನ್ನು ಬಳ್ಳಿಗೆ ಜಾಗ ಬೇಕು ಅಂತ ಮೊಟಕು ಮಾಡಿದರೆ ಹು ಆಗುತ್ತದೆ. ಅಲ್ಲಿಗೆ ನಿಮ್ಮ ಕವರ್ ಮೇಲೆ 'ಹುಧಂಢೆ'. ಗಿಡ ಕೊಳ್ಳಲು ಬಂದವರು ನಕ್ಕು ಹೋಗುತ್ತಾರೆ.

ಹಾಗಾದರೆ ಹೂ ಎಲ್ಲಿ ಇಡಬೇಕು? ಅಕ್ಷರದ ಹೊಟ್ಟೆ, ಬುಡ ಮುಟ್ಟಬೇಡಿ. ತಲೆ ನೋಡಿ. ಹೂ, ದ ಎರಡಕ್ಕೂ ತಲೆಕಟ್ಟು ಇದೆ. ಡೆಗೆ ತಲೆಕಟ್ಟಿನ ಜಾಗದಲ್ಲಿ ಎತ್ವದ ಸುಳಿ ಇದೆ. ಅಂದರೆ ಮೂರೂ ಅಕ್ಷರಕ್ಕೆ ಮೇಲೆ ಒಂದೊಂದು ಬಿಡುಗೀಟು. ಆ ಮೂರನ್ನೂ ಎಸಳು ಮಾಡಿ (ಎತ್ವದ ಸುಳಿ ಮಾತ್ರ ಕಳೆಯಬಾರದು, ಕಳೆದರೆ ಡೆ ಹೋಗಿ ಡ ಆಗುತ್ತದೆ), ಉಳಿದದ್ದನ್ನು ಸುಮ್ನೆ ಬಿಡಿ. ಒಂದಕ್ಕೆ ಮಾಡಿ ಇನ್ನೊಂದಕ್ಕೆ ಬಿಟ್ಟರೆ ಅಚ್ಚು ತಪ್ಪಿದೆ ಅನ್ನಿಸುತ್ತದೆ. ಮೂರಕ್ಕೂ ಇದ್ದರೆ ಸಾಲಾಗಿ ಹೂ ಮುಡಿದ ಹಾಗೆ ಕಾಣುತ್ತದೆ. ಸೊನ್ನೆಯನ್ನು ಹೂ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಐದು ಸೆಂಟಿಮೀಟರ್ ಲೇಬಲ್‌ನಲ್ಲಿ ಸೊನ್ನೆ ಎಷ್ಟು ದೊಡ್ಡದಿರುತ್ತದೆ? ಮೂರು ನಾಲ್ಕು ಮಿಲಿಮೀಟರ್. ಅದರಲ್ಲಿ ಐದು ಎಸಳು ಬಿಡಿಸಿದರೆ ಇರುವೆ ಸತ್ತ ಹಾಗೆ ಕಾಣುತ್ತದೆ. ಅಂಗಡಿ ಬೋರ್ಡ್‌ಗಾದರೆ ಪರವಾಗಿಲ್ಲ, ಅಲ್ಲಿ ಮಾಡಿ.

ಇನ್ನು ಯಾವ ಹೂ. ಇದರಲ್ಲಿ ನನಗೂ ಸ್ವಲ್ಪ ಎಳೆದಾಟ ಇದೆ. ಅಕ್ಷರಕ್ಕೆ ಹೇಳಿ ಮಾಡಿಸಿದ್ದು ಗೌರಿ ಹೂ. ಮಳೆಗಾಲದಲ್ಲಿ ಬೇಲಿಯಲ್ಲಿ ನೋಡಿರುತ್ತೀರಿ. ಹೂ ಕೆಳಮುಖ, ಆರು ಎಸಳು ಮಾತ್ರ ಹಿಂದಕ್ಕೆ ಮಡಚಿ ಮೇಲಕ್ಕೆ ಎದ್ದಿರುತ್ತವೆ. ಅಂಚು ಅಲೆ ಅಲೆ. ಬುಡದಲ್ಲಿ ಹಳದಿ, ತುದಿಗೆ ಹೋಗುತ್ತಾ ಕೆಂಪು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡ ಹಿಡಿದುಕೊಳ್ಳುತ್ತದೆ. ದಪ್ಪ, ತೆಳು, ತಿರುವು ಎಲ್ಲ ಒಂದೇ ಗಿಡದಲ್ಲಿ ಇದೆ. ಆದರೆ ಅದರ ಗಡ್ಡೆ ಕಡು ವಿಷ, ಕಾಲ್ಚಿಸಿನ್ ಅನ್ನುವ ಅಂಶ ಇರುತ್ತದೆ. ಗಡ್ಡೆ ಮಾರುವ ಕವರ್ ಮೇಲೆ ಅದೇ ಹೂ ಹಾಕುವುದು ಸರಿ ಬರುವುದಿಲ್ಲ. ಸೀತಾಳೆ ದಂಡೆಯೂ ಬೇಡ. ಹೆಸರಿಗೆ ಹೊಂದುತ್ತದೆ ನಿಜ, ಬಾಲದ ಹಾಗೆ ಇಳಿಬಿದ್ದ ಗೊಂಚಲು ಚಂದವೂ ಹೌದು. ಆದರೆ ಜನ ನೀವು ಕಾಡಿನ ಆರ್ಕಿಡ್ ಕಿತ್ತು ಮಾರುತ್ತೀರಿ ಅಂದುಕೊಂಡರೆ ಕಷ್ಟ. ಮರದ ಮೇಲೆ ಇದ್ದದ್ದು ಅಲ್ಲೇ ಇರಲಿ.

ಮಾರುವುದು ಡೇರೆ, ಡೇರೆಯನ್ನೇ ಹಾಕಿ. ಪೂರ್ತಿ ಹೂ ಅಲ್ಲ, ಒಂದು ಎಸಳು. ಒಂದು ಡೇರೆ ಹೂ ಕಿತ್ತು ಹೊರಗಿನ ಸಾಲಿನಿಂದ ಒಂದು ಎಸಳು ಬಿಡಿಸಿ ಅಂಗೈ ಮೇಲೆ ಇಟ್ಟು ನೋಡಿ. ಬುಡದಲ್ಲಿ ಸಣ್ಣ ಕೊಳವೆ ಥರ ಕಿರಿದು. ಅರ್ಧಕ್ಕಿಂತ ಸ್ವಲ್ಪ ಮೇಲೆ ಅಗಲ. ಆಮೇಲೆ ಬೇಗ ಚೂಪಾಗುತ್ತದೆ. ಎರಡೂ ಅಂಚು ಸ್ವಲ್ಪ ಒಳಕ್ಕೆ ಮಡಚಿರುತ್ತವೆ, ಉದ್ದಕ್ಕೆ ಸಣ್ಣ ಗೆರೆಗಳು. ಈಗ ಬ್ರಷ್ಷಿನಲ್ಲಿ ಒಂದು ತಲೆಕಟ್ಟು ಎಳೆಯಿರಿ. ಮೆಲ್ಲಗೆ ಮುಟ್ಟಿಸಿ, ಒತ್ತಿ, ಕೊನೆಯಲ್ಲಿ ತಟ್ಟನೆ ಎತ್ತಿ. ಹೆಚ್ಚು ಕಡಿಮೆ ಅದೇ ಆಕಾರ ಬರುತ್ತದೆ. ಎಸಳಿನ ಬುಡ ಅಕ್ಷರಕ್ಕೆ ಅಂಟಿಕೊಂಡಿರಲಿ, ತುದಿ ಬಲಕ್ಕೆ ಎದ್ದಿರಲಿ. ಒಳಗಿನ ಗೆರೆ ಬಿಡಿಸಲು ಹೋಗಬೇಡಿ. ಒಂದು ಬಿಳಿ ಗೆರೆ ಇದ್ದರೆ ಸಾಕು, ಅದೂ ದೊಡ್ಡ ಸೈಜಿಗೆ ಮಾತ್ರ.

ಇದು ನಾನು ಹೊಸದಾಗಿ ಕಂಡುಹಿಡಿದ ವಿದ್ಯೆ ಏನಲ್ಲ. ಜರ್ಮನಿಯಲ್ಲಿ ಒಟ್ಟೊ ಎಕ್ಮನ್ ಅನ್ನುವವರು ಬ್ರಷ್ಷಿನಲ್ಲಿ ಬರೆದ ಅಕ್ಷರಗಳು 1900ರಲ್ಲಿ ಅಚ್ಚುಮೊಳೆಯಾಗಿ ಬಂದವು. ಅದರಲ್ಲಿ ಹೂವಿನ ಚಿತ್ರ ಇಲ್ಲ. ಗೀಟುಗಳೇ ಕಾಂಡದ ಹಾಗೆ ಉಬ್ಬಿ, ಸಣ್ಣಗಾಗಿ, ಬಾಗುತ್ತವೆ. ನೋಡಿದರೆ ಗಿಡ ಅನ್ನಿಸುತ್ತದೆ. ಅದೇ ದೇಶದ ಕಾರ್ಲ್ ಬ್ಲಾಸ್‌ಫೆಲ್ಟ್ ಬರ್ಲಿನ್‌ನ ಕಲಾಶಾಲೆಯಲ್ಲಿ ಮೇಷ್ಟ್ರಾಗಿದ್ದರು. ತಾವೇ ಮಾಡಿಕೊಂಡ ಕ್ಯಾಮೆರಾದಲ್ಲಿ ಮೊಗ್ಗು, ಸುರುಳಿ, ಬೀಜದ ಕೋಶಗಳನ್ನು 30 ಪಟ್ಟಿನವರೆಗೂ ದೊಡ್ಡದು ಮಾಡಿ ಫೋಟೋ ತೆಗೆಯುತ್ತಿದ್ದರು. ಉದ್ದೇಶ ಫೋಟೋಗ್ರಫಿ ಅಲ್ಲ, ಹುಡುಗರಿಗೆ ಡಿಸೈನ್ ಕಲಿಸುವುದು. ಅವರ ಫೋಟೋಗಳು ನೆಟ್‌ನಲ್ಲಿ ಸಿಗುತ್ತವೆ, ಒಮ್ಮೆ ನೋಡಿ. ಎಲ್ಲ ಕಪ್ಪು ಬಿಳುಪು. ಬಣ್ಣ ತೆಗೆದರೆ ಆಕಾರ ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ ಗೊತ್ತಾಗುತ್ತದೆ. ನೀವೂ ಮೊಬೈಲಿನಲ್ಲಿ ಹಾಗೇ ಮಾಡಿ. ಮೋಡ ಇರುವ ದಿನ ಹೂವನ್ನು ಮೇಲಿನಿಂದ ಒಂದು, ಪಕ್ಕದಿಂದ ಒಂದು, ಹಿಂದಿನಿಂದ ಒಂದು ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ. ಹಿಂದಿನ ಭಾಗ ಯಾರೂ ನೋಡುವುದಿಲ್ಲ. ತೊಟ್ಟು ಹೂವಿಗೆ ಹೇಗೆ ಸೇರುತ್ತದೆ ಅನ್ನುವುದು ಅಲ್ಲೇ ಇರುವುದು.

ಅಷ್ಟು ದೂರ ಯಾಕೆ, ನಮ್ಮ ಸಾಗರ, ಸೊರಬದ ಕಡೆ ದೀವರ ಮನೆಗಳ ಹಸೆ ಚಿತ್ತಾರ ಇದೆಯಲ್ಲ. ಪುಂಡಿ ನಾರಿನ ಕುಂಚ, ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿ. ಅದರಲ್ಲಿ ಸುತ್ತಮುತ್ತಲಿನದ್ದೆಲ್ಲ ನೇರ ಗೆರೆಯಲ್ಲೇ ಬಂದು ಕೂರುತ್ತದೆ. ಎಷ್ಟು ಬಿಡಬಹುದು ಅಂತ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಚಿತ್ತಾರದ ಗೆರೆ ಎಲ್ಲ ಕಡೆ ಒಂದೇ ದಪ್ಪ. ನಾನು ಮೇಲೆ ಹೇಳಿದ ಎಸಳು ದಪ್ಪ ತೆಳು. ಎರಡನ್ನೂ ಒಂದೇ ಲೇಬಲ್‌ನಲ್ಲಿ ಬೆರೆಸಬೇಡಿ. ಚಿತ್ತಾರದ ಅಂಚು ಬೇಕು ಅಂದರೆ ಅಕ್ಷರವೂ ಒಂದೇ ದಪ್ಪದ್ದಾಗಿರಲಿ. ಮತ್ತೆ ಅದು ಆ ಸಮುದಾಯದ ಹೆಂಗಸರ ಕಲೆ. ಬರೆಯುವವರು ಈಗಲೂ ಇದ್ದಾರೆ. ನಕಲು ಮಾಡುವ ಬದಲು ಅವರಿಂದಲೇ ಬರೆಸಿ, ದುಡ್ಡು ಕೊಡಿ.

ಒಂದು ರಜೆ ಸಿಕ್ಕಿದರೆ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನಕ್ಕೂ ಹೋಗಿ ಬನ್ನಿ. ಕಲ್ಲಿನ ಕೆತ್ತನೆಯೂ ಶಾಸನದ ಕನ್ನಡವೂ ಒಂದೇ ಆವರಣದಲ್ಲಿ ನೋಡಲು ಸಿಗುತ್ತವೆ. ಹಳೆಯ ಅಕ್ಷರ ಓದಲು ಬರಬೇಕಿಲ್ಲ, ಉಳಿ ಎಲ್ಲಿ ನಿಂತಿದೆ, ಎಲ್ಲಿ ತಿರುಗಿದೆ ಅಂತ ನೋಡಿದರೆ ಸಾಕು.

ಈಗ ಕೈಕೆಲಸ. ಮೊದಲು ಕಂಪ್ಯೂಟರ್ ಮುಟ್ಟಬೇಡಿ. ಬ್ರಷ್ ಪೆನ್ ಇದ್ದರೆ ಸರಿ, ಇಲ್ಲದಿದ್ದರೆ ತೆಳು ಬಿದಿರು ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ ಮಸಿಯಲ್ಲಿ ಅದ್ದಿ ಬರೆಯಿರಿ. ದೊಡ್ಡದಾಗಿ, ಒಂದು ಹಾಳೆಗೆ ಒಂದೇ ಸಲ 'ಹೂದಂಡೆ'. ಬರೆದದ್ದನ್ನೆಲ್ಲ ನೆಲದ ಮೇಲೆ ಹರಡಿ ದೂರ ನಿಂತು ನೋಡಿ, ಸರಿ ಕಂಡದ್ದನ್ನು ಆರಿಸಿ. ಕೈಬರಹ ಚೆನ್ನಾಗಿಲ್ಲ ಅನ್ನಿಸಿದರೆ ಫಾಂಟ್ ಮೇಲೆ ಕಟ್ಟಬಹುದು. ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ 2, ಅನೇಕ್ ಕನ್ನಡ, ತಿರೋ ಕನ್ನಡ, ಹುಬ್ಬಳ್ಳಿ ಎಲ್ಲ ಉಚಿತ, ವ್ಯಾಪಾರಕ್ಕೂ ಬಳಸಬಹುದು. ಡೇರೆ ಎಸಳಿಗೆ ಬಾಲೂ ತಮ್ಮದ ದಪ್ಪ ಗುಂಡು ಮೈ ಹೊಂದುತ್ತದೆ. ಹುಬ್ಬಳ್ಳಿ ತೆಳು ಗೆರೆಯದ್ದು, ಚಿತ್ತಾರದ ಅಂಚಿನ ಜೊತೆ ಒಗ್ಗುತ್ತದೆ. ಫಾಂಟ್ ಆರಿಸಿ ಇಂಕ್‌ಸ್ಕೇಪ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಹೆಸರು ಟೈಪ್ ಮಾಡಿ, ಪಾತ್ ಆಗಿ (ಅಂದರೆ ಅಕ್ಷರವನ್ನು ಬರೀ ಗೆರೆಯ ಆಕಾರವಾಗಿ) ಬದಲಾಯಿಸಿ, ತಲೆಕಟ್ಟು ಕತ್ತರಿಸಿ ತೆಗೆದು ನಿಮ್ಮ ಎಸಳು ಕೂರಿಸಿ. ಇಂಕ್‌ಸ್ಕೇಪ್ ಕೂಡ ಉಚಿತ.

ಎಐನಲ್ಲಿ ಮಾಡಿಸಿ ಅಂತಲೂ ಒಬ್ಬರು ಹೇಳಿದ್ದಾರೆ. ಹೂವಿನ ಚಿತ್ರಕ್ಕೆ ಸರಿ. ಕನ್ನಡ ಅಕ್ಷರವನ್ನು ಅದು ಎಷ್ಟೋ ಸಲ ಕಲಸುಮೇಲೋಗರ ಮಾಡುತ್ತದೆ. ಬಳಸಿದರೂ ಅಕ್ಷರಕ್ಕೆ ಅಕ್ಷರ ಓದಿ ನೋಡಿ.

ಕವರ್ ಹಿಂದೆ ಗುಂಡು ಸ್ಟಿಕ್ಕರ್ ಬೇಕು ಅಂದಿದ್ದೀರಿ. ಅಲ್ಲಿ ಪೂರ್ತಿ ಡೇರೆ ಹಾಕಿ. ಇದನ್ನು ಕೈಯಲ್ಲಿ ಬಿಡಿಸಿದರೆ ಚೆಂಡು ಹೂವೋ ಸೇವಂತಿಗೆಯೋ ಗೊತ್ತಾಗುವುದಿಲ್ಲ, ಯಾಕೆಂದರೆ ನಾವು ಎಸಳನ್ನು ವೃತ್ತ ವೃತ್ತವಾಗಿ ಜೋಡಿಸುತ್ತೇವೆ. ಡೇರೆಯಲ್ಲಿ ಎಸಳು ಸುರುಳಿಯಲ್ಲಿ ಬರುತ್ತವೆ. ಪ್ರತಿ ಹೊಸ ಎಸಳು ಹಿಂದಿನದಕ್ಕಿಂತ ಸುಮಾರು 137.5 ಡಿಗ್ರಿ ತಿರುಗಿ ಹುಟ್ಟುತ್ತದೆ. ತುಂಬಿದ ಹೂವಿನ ನಡುವೆ ಸುರುಳಿ ಎಣಿಸಿದರೆ ಹೆಚ್ಚಾಗಿ 8, 13, 21 ಹೀಗೆ ಸಿಗುವುದು ಇದರಿಂದಲೇ. ಇಂಕ್‌ಸ್ಕೇಪ್‌ನಲ್ಲಿ ಒಂದು ಎಸಳು ಬಿಡಿಸಿ, ಅದರ ತಿರುಗುವ ಬಿಂದುವನ್ನು ಎಸಳಿನ ಬುಡಕ್ಕಿಂತ ಚೂರು ಕೆಳಗೆ ಸರಿಸಿ. ಆಮೇಲೆ ಒಂದೇ ಆಕಾರದ ಹಲವು ಪ್ರತಿ ಮಾಡಿಕೊಡುವ ಟೈಲ್ಡ್ ಕ್ಲೋನ್ಸ್ ತೆರೆದು ಒಂದು ಸಾಲು, ನಲವತ್ತು ಕಾಲಂ ಕೊಡಿ. ಪ್ರತಿ ಕಾಲಂಗೆ ಶಿಫ್ಟ್ ಎಕ್ಸ್ ಮೈನಸ್ 100, ರೊಟೇಶನ್ 137.5, ಸ್ಕೇಲ್‌ನಲ್ಲಿ ಎರಡೂ ಕಡೆ ಮೂರು ನಾಲ್ಕು ಪರ್ಸೆಂಟ್. ಒಂದೇ ಸಲಕ್ಕೆ ಹೂ ಅರಳುತ್ತದೆ. ದೊಡ್ಡ ಎಸಳು ಮೇಲೆ ಬಂದು ಸಣ್ಣದನ್ನು ಮುಚ್ಚಿದ್ದರೆ ಜೋಡಣೆಯ ಕ್ರಮ ತಿರುಗಿಸಿ. ಡೇರೆಯಲ್ಲಿ ಒಳಗಿನ ಸಣ್ಣ ಎಸಳೇ ಮೇಲಿರಬೇಕು.

ದಾಸವಾಳದ ಬಗ್ಗೆ ಕೇಳಿದವರಿಗೆ ಒಂದು ಮಾತು. ಒಂಟಿ ದಾಸವಾಳಕ್ಕೆ ಐದು ಎಸಳು, 72 ಡಿಗ್ರಿಗೆ ಒಂದೊಂದು. ಪ್ರತಿ ಎಸಳಿನ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಈಚೆ ಪಕ್ಕದ್ದರ ಕೆಳಗೆ ಇರುತ್ತದೆ. ಕಂಪ್ಯೂಟರಿನಲ್ಲಿ ಜೋಡಿಸಿದಾಗ ಕೊನೆಯ ಎಸಳು ಎರಡೂ ಕಡೆ ಮೇಲೇ ಕೂರುತ್ತದೆ. ಅದರ ಒಂದು ಅಂಚು ಕತ್ತರಿಸಿ ಮೊದಲನೆಯದರ ಕೆಳಗೆ ಹೋದ ಹಾಗೆ ಮಾಡಬೇಕು. ನೆಟ್‌ನಲ್ಲಿ ಸಿಗುವ ಹೂಗಳಲ್ಲಿ ಇದನ್ನು ಬಹಳ ಜನ ಮಾಡಿರುವುದಿಲ್ಲ.

ಬಣ್ಣ ಕೊನೆಗೆ. ಮೊದಲು ಪೂರ್ತಿ ಕಪ್ಪಿನಲ್ಲಿ ಮಾಡಿ, ಎರಡು ಸೆಂಟಿಮೀಟರ್‌ಗೆ ಇಳಿಸಿ ಪ್ರಿಂಟ್ ತೆಗೆದು, ಕನ್ನಡಕ ಇಲ್ಲದೆ ಮನೆಯ ಹಿರಿಯರಿಂದ ಓದಿಸಿ. ಅವರು ತಡವರಿಸಿದರೆ ಎಸಳು ಸಣ್ಣ ಮಾಡಿ. ಅದು ಸರಿ ಬಂದರೆ ರಬ್ಬರ್ ಸ್ಟ್ಯಾಂಪ್ ಕೂಡ ಮಾಡಿಸಬಹುದು. ಕಾಗದದ ಕವರ್‌ಗೆ ಸ್ಟ್ಯಾಂಪ್ ಹೊಡೆದುಕೊಂಡರೆ ಖರ್ಚೂ ಕಮ್ಮಿ. ಸ್ಟ್ಯಾಂಪ್‌ಗೆ ಅರ್ಧ ಮಿಲಿಮೀಟರ್‌ಗಿಂತ ತೆಳು ಗೆರೆ, ಸಂದು ಎರಡೂ ಬೇಡ, ಮಸಿ ತುಂಬಿಕೊಳ್ಳುತ್ತದೆ. ಬಣ್ಣದ ಲೇಬಲ್‌ಗೆ ಹೊಳೆಯುವ ಕೆಂಪು, ಕಿತ್ತಳೆ ಮೊಬೈಲಿನಲ್ಲಿ ಕಂಡ ಹಾಗೆ ಅಚ್ಚಿನಲ್ಲಿ ಬರುವುದಿಲ್ಲ, ಸ್ವಲ್ಪ ಮಂಕಾಗುತ್ತದೆ. ಒಂದು ಹಾಳೆ ಪ್ರೂಫ್ ತೆಗೆಸಿಯೇ ಮುಂದುವರಿಯಿರಿ.

ಪ್ರೆಸ್‌ಗೆ ಕೊಡುವಾಗ ಪಿಡಿಎಫ್ ಕೊಡಿ, ಅಕ್ಷರವೆಲ್ಲ ಪಾತ್ ಆಗಿರಲಿ. ನಿಮ್ಮ ಹೆಸರಿನಲ್ಲಿ ಒತ್ತಕ್ಷರ ಇಲ್ಲ, ಆದರೆ ಕೆಳಗೆ 'ಡೇರೆ ಗಡ್ಡೆ' ಅಂತ ಬರೆಸುತ್ತೀರಲ್ಲ, ಅಲ್ಲಿ ಡ್ಡ ಇದೆ. ಅಡೋಬಿ ಸಾಫ್ಟ್‌ವೇರ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆನ್ ಇಲ್ಲದಿದ್ದರೆ ಒತ್ತು ಕಿತ್ತುಕೊಂಡು ಪಕ್ಕದಲ್ಲಿ ಕೂರುತ್ತದೆ. 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್ ಫಾಂಟ್‌ಗೆ ಸುಮ್ನೆ ಬದಲಾಯಿಸಿದರೂ ಅಷ್ಟೇ, ಅಕ್ಷರದ ಬದಲು ಚಿಹ್ನೆಗಳು ಬರುತ್ತವೆ. ಲೇಬಲ್ ಮಳೆಯಲ್ಲಿ, ಮಣ್ಣಿನಲ್ಲಿ ಇರುವಂಥದ್ದು. ಹಾಗಾಗಿ ಇಂಕ್‌ಜೆಟ್ ಕಾಗದ ಬೇಡ, ವಿನೈಲ್ ಸ್ಟಿಕ್ಕರ್‌ಗೆ ಲ್ಯಾಮಿನೇಶನ್ ಹಾಕಿಸಿ. ಈ ಮಳೆಗಾಲಕ್ಕೆ ಎಷ್ಟು ಕವರ್ ಬೇಕೋ ಅಷ್ಟೇ ಮಾಡಿಸಿ, ಫೋನ್ ನಂಬರೋ ರೇಟೋ ಬದಲಾದರೆ ಉಳಿದದ್ದು ದಂಡ. ಬರೆದ ಹಾಳೆಗಳ ಫೋಟೋ ಇಲ್ಲೇ ಹಾಕಿ, ಯಾವುದು ಓದಲು ಸುಲಭ ಅಂತ ಗುಂಪಿನವರೇ ಹೇಳಲಿ.