ಯುದ್ಧದ ಸುದ್ದಿ ನೋಡಿ ಎಸ್‌ಐಪಿ ನಿಲ್ಲಿಸಬೇಕಾ?

ಪ್ರಶ್ನೆ: ಸರ್, ಈ ಸಲದ ಕಾಫಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮಾರಿ 6 ಲಕ್ಷ ಕೈಗೆ ಬಂದಿದೆ. ಟಿವಿ ಹಾಕಿದರೆ ಬರೀ ಯುದ್ಧ. ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟೋ ಕಂತು) ನಿಲ್ಲಿಸಿ ಇರೋದನ್ನೂ ಮಾರಿಬಿಡಿ ಅಂತಾರೆ ಭಾವ. ಅಗ್ಗಕ್ಕೆ ಸಿಗ್ತಿದೆ, ಎಲ್ಲಾ ಈಗಲೇ ಹಾಕಿ ಅಂತಾನೆ ಮಗ. ಯಾರ ಮಾತು ಕೇಳಲಿ?
– ಕಾಫಿ ಬೆಳೆಗಾರ, ಪೊನ್ನಂಪೇಟೆ

ಉತ್ತರ: ಇಬ್ಬರದ್ದೂ ಬೇಡ. ಮೊದಲು ಆ 6 ಲಕ್ಷದಲ್ಲಿ ತೋಟದ ಪಾಲು ಎಷ್ಟು ಅಂತ ನೋಡಿ. ಕಪಾತು, ಗೊಬ್ಬರ, ಮುಂದಿನ ಕುಯ್ಲಿನ ಕೂಲಿ, ಹೂ ಮಳೆ (ಕಾಫಿ ಹೂ ಬಿಡೋಕೆ ಬೇಕಾದ ಮಳೆ) ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಡೀಸೆಲ್. ಇದೆಲ್ಲ ವರ್ಷದೊಳಗೆ ಬೇಕಾಗುವ ದುಡ್ಡು. ಯುದ್ಧ ಇರಲಿ ಬಿಡಲಿ, ಇದು ಷೇರಿಗೆ ಹೋಗಬಾರದು. ಎಫ್‌ಡಿ ಮಾಡಿಸಿ. ಬ್ಯಾಂಕು ಮುಳುಗಿದರೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿಯೂ ಸೇರಿ 5 ಲಕ್ಷದವರೆಗೆ ಮಾತ್ರ ವಿಮೆ ಇರೋದು, ಅದೂ ಗೊತ್ತಿರಲಿ.

ಭಾವನಿಗೆ 2022ರ ಕಥೆ ಹೇಳಿ. ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿದ ದಿನ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2,702 ಅಂಕ ಬಿತ್ತು. ಅವತ್ತು ಹೆದರಿ ಮಾರಿದವರು ಮರುದಿನವೇ 1,328 ಅಂಕ ಏರಿದ್ದನ್ನು ನೋಡಿ ಕೈ ಹಿಸುಕಿಕೊಂಡರು. ಡಿಸೆಂಬರ್ ಹೊತ್ತಿಗೆ ಅದು 63,000 ದಾಟಿತ್ತು. ಆದರೆ ಮಗನೂ ಕೇಳಬೇಕಾದ ಮಾತೊಂದು ಇದರಲ್ಲೇ ಇದೆ: ಕಚ್ಚಾ ತೈಲ ದುಬಾರಿ, ಬಡ್ಡಿ ಏರಿಕೆ, ವಿದೇಶಿಯರ ಮಾರಾಟ ಎಲ್ಲ ಸೇರಿ ಜೂನ್‌ನಲ್ಲಿ ಸೂಚ್ಯಂಕ ಇನ್ನೂ ಕೆಳಗೆ, 51,000ದ ಹತ್ತಿರಕ್ಕೆ ಇಳಿದಿತ್ತು, ಅಂದರೆ ಫೆಬ್ರವರಿಯಲ್ಲಿ ಅಗ್ಗ ಅಂತ ಎಲ್ಲಾ ಸುರಿದವರ ಕೈಯಲ್ಲಿ ಆಗ ಬಿಡಿಗಾಸೂ ಇರಲಿಲ್ಲ. ಹಾಗಾಗಿ ಎಸ್‌ಐಪಿ ನಡೀಲಿ, ಉಳಿದದ್ದನ್ನು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕಿ. ರೇಟು ಇಳಿದಾಗ ಮೂಟೆಗಳನ್ನು ಗೋಡೌನಲ್ಲಿಟ್ಟು ಕಾಯೋರು ನೀವು, ಕಾಯೋದು ನಿಮಗೆ ಹೊಸದೇನಲ್ಲ ಅಲ್ವಾ?

ಇನ್ನೊಂದು. ನಿಮ್ಮ ಆದಾಯದಲ್ಲೇ ಯುದ್ಧದ ಅಪಾಯ ಕೂತಿದೆ. ನಮ್ಮ ಕಾಫಿ ಜಾಸ್ತಿ ಹೋಗೋದು ಇಟಲಿಗೆ. 2023ರ ಕೊನೆಯಲ್ಲಿ ಆ ದಾರಿಯಲ್ಲಿರುವ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಎಷ್ಟೋ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು, ಬಾಡಿಗೆ ಏರಿತು. ಷೇರುಪೇಟೆ ಬಿದ್ದ ವರ್ಷವೇ ಕಾಫಿಗೂ ಪೆಟ್ಟು ಬೀಳಬಹುದು. ಕೈಯಲ್ಲಿ ಒಂದು ವರ್ಷದ ಖರ್ಚು ಇಟ್ಟುಕೊಳ್ಳಿ ಅನ್ನೋದು ಅದಕ್ಕೇ.

ಪ್ರಶ್ನೆ: ಯುದ್ಧ ಅಂದಮೇಲೆ ಡಿಫೆನ್ಸ್ ಷೇರು ಏರಲೇಬೇಕು ಅಂತ ವಾಟ್ಸಾಪ್ ಗುಂಪಿನಲ್ಲಿ ಆಪ್ಷನ್ (ಷೇರು ಬೆಲೆಯ ಏರಿಳಿತದ ಮೇಲೆ ಬಾಜಿ ಕಟ್ಟೋ ವ್ಯವಹಾರ) ಟಿಪ್ಸ್ ಕೊಡ್ತಿದ್ದಾರೆ. ಪಿಂಚಣಿ ದುಡ್ಡು ಹಾಕಲಾ?
– ನಿವೃತ್ತ ಸೈನಿಕ, ಕುಶಾಲನಗರ

ಉತ್ತರ: ಇವತ್ತೇ ಆ ಗುಂಪು ಬಿಡಿ. ಷೇರುಪೇಟೆಯ ನಿಯಂತ್ರಕ ಸೆಬಿ ತೆಗೆದ ಲೆಕ್ಕದ ಪ್ರಕಾರ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಬಾಜಿ ಆಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಸೇನೆಯಲ್ಲಿದ್ದ ನಿಮಗೆ ಗೊತ್ತೇ ಇದೆ, ಆರ್ಡರ್ ಬಂದ ದಿನ ಮಾಲು ಬರಲ್ಲ, ವರ್ಷಗಳೇ ಹಿಡಿಯುತ್ತವೆ. ಕಂಪನಿಗೆ ದುಡ್ಡು ಬರೋದೂ ಹಾಗೇ. ಡಿಫೆನ್ಸ್ ಬೇಕೇ ಬೇಕು ಅಂದರೆ ನಿಫ್ಟಿ 50 ಇಂಡೆಕ್ಸ್ ಫಂಡ್ (ನಿಫ್ಟಿ ಸೂಚ್ಯಂಕದ 50 ದೊಡ್ಡ ಕಂಪನಿಗಳಿಗೂ ದುಡ್ಡು ಹಂಚಿ ಹಾಕುವ ಫಂಡ್) ಸಾಕು, 2024ರ ಸೆಪ್ಟೆಂಬರ್‌ನಿಂದ ಅದರಲ್ಲಿ ಡಿಫೆನ್ಸ್ ಕಂಪನಿ ಭಾರತ್ ಎಲೆಕ್ಟ್ರಾನಿಕ್ಸ್ ಸೇರಿದೆ.